ಪಂಡಿತಾ ರಮಾಬಾಯಿಯವರಿಗೆ ದೊರೆತ ಬೆಳಕು

ತುಂಗಾ ಭದ್ರಾ ನದಿಗಳು ಹುಟ್ಟುವ ಗಂಗಾಮೂಲವೆಂಬ ಘಟ್ಟದ ಕಾಡಿನಲ್ಲಿ ೧೮೫೮ನೆಯ ಇಸವಿ ಏಪ್ರಿಲ್ ೨೩ರಂದು ಒಂದು ಹೆಣ್ಣುಕೂಸು ಹುಟ್ಟಿತು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯ ಮಾಳ ಗ್ರಾಮದ ಬ್ರಾಹ್ಮಣ ಪಂಡಿತರು. ಹೆಂಗಸಿಗೆ ಸಂಸ್ಕೃತ ಕಲಿಸಬಾರದೆಂದು ಸ್ವಜನರು ಎದುರುನಿಂತಾಗ ಅವರು ಹೆಂಡತಿಯಾದ ಲಕ್ಷ್ಮೀಬಾಯಿಯನ್ನು ಕರಕೊಂಡು ಆ ಕಾಡು ಸೇರಿ, ಅಲ್ಲಿ ಮನೆ ಕಟ್ಟಿ, ಆಕೆಗೆ ಶಾಸ್ತ್ರಗಳನ್ನು ಓದಿಸಿದರು. ಕೂಸಿಗೆ ಆರು ತಿಂಗಳಾಗುವಷ್ಟರಲ್ಲಿ ಆ ಮನೆಯನ್ನೂ ಬಿಡಬೇಕಾಯಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿದ ಕೂಸನ್ನು ಹೊರಿಸಿಕೊಂಡು ಸಂಸಾರವು ತೀರ್ಥಯಾತ್ರೆಗೆ ಹೊರಟಿತು. ಆ ಕೂಸೇ ಮುಂದೆ ಪಂಡಿತಾ ರಮಾಬಾಯಿಯೆಂದು ಹೆಸರುವಾಸಿಯಾದವರು.

ಊರೂರಿಗೆ ನಡೆದು, ದೇವಾಲಯಗಳಲ್ಲಿ ಪುರಾಣ ಓದಿ, ಕೇಳಿದವರು ಕೊಟ್ಟದ್ದರಿಂದ ಅವರು ಹೊಟ್ಟೆ ಹೊರೆದರು. ತಾಯಿ ಬೆಳಗಾಗುವ ಮುಂಚೆಯೇ ಮಗಳನ್ನೆಬ್ಬಿಸಿ ಪಾಠ ಹೇಳಿಕೊಡುತ್ತಿದ್ದಳು. ಹೀಗೆ ೧೮,೦೦೦ ಶ್ಲೋಕಗಳುಳ್ಳ ಭಾಗವತವು ಹುಡುಗಿಯ ಬಾಯಿಗೆ ಬಂತು. ಅಷ್ಟರಲ್ಲಿ ಕ್ಷಾಮ ಬಂತು. ಮಾಡಬೇಕಾದ ವ್ರತ, ದಾನ, ಪ್ರದಕ್ಷಿಣೆಗಳಲ್ಲಿ ಒಂದನ್ನೂ ಆ ಕುಟುಂಬವು ಬಿಟ್ಟಿರಲಿಲ್ಲ. ಆದಾಗ್ಯೂ ೧೮೭೪ರಲ್ಲಿ ತಂದೆ ತೀರಿಕೊಂಡರು. ಸ್ವಲ್ಪ ಕಾಲದಲ್ಲಿಯೇ ತಾಯಿ, ಬಳಿಕ ಅಕ್ಕ. ತಾಯಿಯ ಹೆಣ ಹೊರುವದಕ್ಕೆ ಸಾಕಷ್ಟು ಜನ ಸಿಕ್ಕಲಿಲ್ಲ. ಮಗಳೇ ಚಟ್ಟಕ್ಕೆ ಹೆಗಲು ಕೊಡಬೇಕಾಯಿತು. ಆಕೆ ಗಿಡ್ಡಳಾದದರಿಂದ ತಲೆಯ ಮೇಲೆ ಹೊತ್ತಳು.

ಉಳಿದ ಅಣ್ಣತಂಗಿಯರು ನಡೆಯುತ್ತಾ ನಡೆಯುತ್ತಾ ೧೮೭೮ರಲ್ಲಿ ಕಲ್ಕತ್ತೆಯನ್ನು ಮುಟ್ಟಿದರು. ಅಲ್ಲಿನ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದು ಕೊಟ್ಟರು. ಕ್ರೈಸ್ತರ ಕೂಟವನ್ನು ಅವರು ಮೊದಲು ಕಂಡದ್ದೂ ಅಲ್ಲಿಯೇ. ಸೇರಿದವರು ತಾವು ಕೂತಿದ್ದ ಕುರ್ಚಿಗಳ ಮುಂದೆ ಮೊಣಕಾಲೂರಿ ಕಣ್ಣು ಮುಚ್ಚಿದ್ದನ್ನು ನೋಡಿ, ಇವರು ಕುರ್ಚಿಯನ್ನು ಪೂಜಿಸುವವರೆಂದು ತಿಳಿದರಂತೆ! ನಗಬೇಡಿರಿ, ನಮ್ಮ ಹಿರಿಯರಲ್ಲಿಯೂ ಎಷ್ಟು ಮಂದಿ ಮೊದಲ ದಿನ ಹೀಗೆಯೇ ಬೆರಗಾಗಿದ್ದರೋ! ಆ ದಿನ ಅವರ ಕೈಗೆ ಸಂಸ್ಕೃತದ ಸತ್ಯವೇದವನ್ನು ಕೊಟ್ಟರು. ಸಂಸ್ಕೃತವನ್ನು ನೀರು ಕುಡಿದಂತೆ ಓದುವ ಪಂಡಿತೆಗೆ ಆ ಪುಸ್ತಕದ ಅರ್ಥ ಹತ್ತಲಿಲ್ಲ.

೧೮೮೦ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರುಷ ರಮಾಬಾಯಿಯವರು ಜಾತಿಯ ಕಟ್ಟನ್ನು ದಾಟಿ ಬಿಪಿನ್ ಬಿಹಾರಿ ಮೇಧಾವಿಯೆಂಬ ಬಂಗಾಳಿ ವಕೀಲರನ್ನು ಮದುವೆಯಾದರು. ಗಂಡನ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಒಂದು ಚಿಕ್ಕ ಪ್ರತಿ ಇತ್ತು. ಅದು ಅವರ ಮನಸ್ಸನ್ನು ಎಳೆಯಿತು. ಎರಡು ವರುಷ ತುಂಬುವದರೊಳಗೆ ಗಂಡನು ವಾಂತಿಭೇದಿಯಿಂದ ತೀರಿಹೋಗಲು, ಮನೋರಮೆಯೆಂಬ ಕೈಗೂಸಿನೊಡನೆ ವಿಧವೆಯಾಗಿ ಪುಣೆಗೆ ಬಂದರು. ಅಲ್ಲಿಂದ ೧೮೮೩ರಲ್ಲಿ ಇಂಗ್ಲೆಂಡಿಗೆ ಹೋದರು. ವೈದ್ಯ ಕಲಿಯಬೇಕೆಂಬ ಆಸೆಯು ಕಿವಿ ಮಂದವಾದದರಿಂದ ಕೈಗೂಡಲಿಲ್ಲ.

ವಾಂಟೇಜ್ ಎಂಬ ಊರಿನಲ್ಲಿ ಅವರಿಗೆ ಆಶ್ರಯಕೊಟ್ಟ ಸಹೋದರಿಯರು ಒಮ್ಮೆ ಅವರನ್ನು ಲಂಡನಿನ ಫುಲ್ಹಮ್ ಎಂಬಲ್ಲಿಗೆ ಕಳುಹಿದರು. ದಾರಿತಪ್ಪಿದ ಹೆಂಗಸರನ್ನು ಸಾಕುವ ಮನೆಯೊಂದು ಅಲ್ಲಿತ್ತು. ಲೋಕವು ಉಗುಳಿದ ಸ್ತ್ರೀಯರನ್ನು ಅಲ್ಲಿ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಅವರಲ್ಲಿ ಕೆಲವರು ಮಾರ್ಪಟ್ಟು ರೋಗಿಗಳ ಸೇವೆ ಮಾಡುತ್ತಿದ್ದರು. ಇದಕ್ಕೆ ಕಾರಣವೇನೆಂದು ಕೇಳಿದಾಗ ಒಬ್ಬ ಸಹೋದರಿಯು ಯೋಹಾನನ ನಾಲ್ಕನೆಯ ಅಧ್ಯಾಯವನ್ನು ತೆರೆದು ಸಮಾರ್ಯದ ಸ್ತ್ರೀಯ ವೃತ್ತಾಂತವನ್ನು ಓದಿದಳು. ತಾನು ಓದಿದ ಯಾವ ಶಾಸ್ತ್ರದಲ್ಲಿಯೂ ಕಾಣದ್ದನ್ನು ರಮಾಬಾಯಿಯವರು ಅಲ್ಲಿ ಕಂಡರು. ೧೮೮೩ನೆಯ ಸೆಪ್ಟೆಂಬರ್ ೨೯ರಂದು ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು.

ಅನೇಕರು ಕಥೆಯನ್ನು ಇಲ್ಲಿಗೇ ಮುಗಿಸುತ್ತಾರೆ. ಆದರೆ ಮುಖ್ಯ ಸಂಗತಿಯು ಇನ್ನು ಮುಂದೆ ಇರುವದು.

ಹೊಸ ಧರ್ಮವನ್ನೂ ರಮಾಬಾಯಿಯವರು ಹಳೇ ಶಾಸ್ತ್ರದಂತೆಯೇ ಕಲಿತರು. ತ್ರಯೇಕತ್ವದ ಉಪದೇಶವನ್ನೂ ಸಭೆಯ ಅಧಿಕಾರವನ್ನೂ ಕುರಿತು ತಮ್ಮ ಗುರುಗಳ ಸಂಗಡ ಪತ್ರಗಳಲ್ಲಿ ಗಟ್ಟಿಯಾಗಿ ವಾದಿಸಿದರು. ಬುದ್ಧಿಗೆ ಒಪ್ಪದ್ದನ್ನು ಒಪ್ಪಲಿಲ್ಲ. ಅಮೇರಿಕಕ್ಕೆ ಹೋಗಿ ಹಿಂದೂ ವಿಧವೆಯರ ದುಃಖವನ್ನು ತಿಳಿಸಿ ಸಹಾಯ ದೊರಕಿಸಿಕೊಂಡು, ೧೮೮೯ರಲ್ಲಿ ಮುಂಬಯಿಯಲ್ಲಿ ಶಾರದಾಸದನವೆಂಬ ಶಾಲೆಯನ್ನು ತೆರೆದರು. ಮರುವರುಷ ಅದು ಪುಣೆಗೆ ಬಂತು. ಜ್ಞಾನವಿತ್ತು, ದೀಕ್ಷಾಸ್ನಾನವಾಗಿತ್ತು, ಸತ್ಕಾರ್ಯಗಳೂ ಇದ್ದವು. ಹೃದಯದಲ್ಲಿ ಮಾತ್ರ ಸಮಾಧಾನವಿರಲಿಲ್ಲ.

ಆ ದಿನಗಳಲ್ಲಿ ವಿಲ್ಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಬೋಧಕರ ಆತ್ಮಕಥೆಯು ಅವರ ಕೈಗೆ ಬಂತು. ಈ ಹ್ಯಾಸ್ಲಮ್‌ರವರು ವರುಷಗಟ್ಟಲೆ ಸಭಾಪಾಲಕರಾಗಿದ್ದು, ೧೮೫೧ರಲ್ಲಿ ಒಂದು ದಿನ ಪ್ರಸಂಗಪೀಠದಲ್ಲಿ ನಿಂತು ಬೋಧಿಸುತ್ತಿರುವಾಗಲೇ, ತಾನು ಇನ್ನೂ ಕ್ರಿಸ್ತನನ್ನು ಅರಿತವನಲ್ಲವೆಂದು ತಿಳಿದು ಅಲ್ಲಿಯೇ ಮಾರ್ಪಟ್ಟರು. ಇದನ್ನು ಓದಿದಾಗ ರಮಾಬಾಯಿಯವರಿಗೆ ತಮ್ಮ ಅವಸ್ಥೆ ತಿಳಿಯಿತು. ದೀಕ್ಷಾಸ್ನಾನದಿಂದ ಎಂಟು ವರುಷಗಳಾಗಿದ್ದವು. ಕ್ರೈಸ್ತಧರ್ಮವು ತನಗೆ ದೊರೆತಿದೆ, ಕ್ರಿಸ್ತನು ದೊರೆತಿಲ್ಲ ಎಂದು ಅವರು ಕಂಡುಕೊಂಡರು. ಇದನ್ನು ತಮ್ಮ ಸಾಕ್ಷಿಯ ಪುಸ್ತಕದಲ್ಲಿ ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಎಷ್ಟು ಕಲಿತರೂ ಎಷ್ಟು ದುಡಿದರೂ ಪಾಪದ ಭಾರವನ್ನು ತಾನಾಗಿ ಇಳಿಸಿಕೊಳ್ಳಲಾರೆನೆಂದು ಕೈಚೆಲ್ಲಿದಾಗ, ಅದೇ ಸತ್ಯವೇದದ ಮಾತುಗಳನ್ನು ಪವಿತ್ರಾತ್ಮನು ಅವರಿಗೆ ತೆರೆದುಕೊಟ್ಟನು. ರಕ್ಷಣೆಯು ಮುಂದೆಂದೋ ಸಂಪಾದಿಸತಕ್ಕದ್ದಲ್ಲ, ದೇವರು ಈಗಲೇ ಉಚಿತವಾಗಿ ಕೊಡುವದೆಂದು ನಂಬಿ, ಕೂಸು ತಾಯಿಯ ಕೈಯಿಂದ ತೆಗೆದುಕೊಳ್ಳುವಂತೆ ತೆಗೆದುಕೊಂಡರು. ಇದು ೧೮೯೧ರ ಸಂಗತಿ.

ಇದನ್ನು ಬರೆಯುವ ನಾನೂ ಸೆಮಿನರಿಯಲ್ಲಿ ಕೃಪೆಯ ಉಪದೇಶವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ತೇರ್ಗಡೆಯಾದವನು. ಹಳ್ಳಿಯಲ್ಲಿ ಒಬ್ಬ ಕುರುಡು ಅಜ್ಜಿಯ ಹಾಸಿಗೆಯ ಬಳಿ ಕೂತು ಅದೇ ಪಾಠವನ್ನು ಹೇಳತೊಡಗಿದಾಗ, ನನಗಿಂತ ಆಕೆಗೇ ಅದು ಚೆನ್ನಾಗಿ ತಿಳಿದಿದೆಯೆಂದು ಕಂಡು ನಾಚಿದೆನು. ಆಕೆಗೆ ಅಕ್ಷರವೇ ಬಾರದು.

ಆಮೇಲಿನ ರಮಾಬಾಯಿಯವರ ಕೆಲಸವನ್ನು ಅನೇಕರು ಬಲ್ಲರು. ೧೮೯೬ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿದ್ದಾಗ, ತಾನು ಹಸಿದು ನಡೆದ ದಿನಗಳು ಅವರ ನೆನಪಿಗೆ ಬಂದವು. ಅಲ್ಲಿಗೆ ಹೋಗಿ ದಿಕ್ಕಿಲ್ಲದ ನೂರಾರು ಹುಡುಗಿಯರನ್ನು ಕರೆತಂದು, ಪುಣೆಯ ಸಮೀಪದ ಕೇಡಗಾಂವಿನಲ್ಲಿ ಮುಕ್ತಿಯೆಂಬ ಆಶ್ರಯವನ್ನು ಕಟ್ಟಿದರು. ಮಗಳು ಮನೋರಮೆಯು ನಮ್ಮ ಗುಲ್ಬರ್ಗದಲ್ಲಿಯೂ ಶಾಲೆ ನಡಿಸಿದಳು. ತಾಯಿಯ ಕೆಲಸಕ್ಕೆ ಬಾಧ್ಯಳಾಗಬೇಕಾದ ಆ ಮಗಳು ೧೯೨೧ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡಳು.

ಮುದಿಪ್ರಾಯದಲ್ಲಿ ಅವರು ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನೆಲ್ಲಾ ಮರಾಠಿಗೆ ತಿರುಗಿಸಿದರು. ಪಂಡಿತರ ಮಾತುಗಳನ್ನು ಬೇಕೆಂತಲೇ ಬಿಟ್ಟು, ಹೊಲದಲ್ಲಿ ಕಳೆ ಕೀಳುವ ಹೆಂಗಸಿಗೂ ಅರ್ಥವಾಗುವ ಮಾತುಗಳನ್ನು ಹುಡುಕಿ ಹಾಕಿದರು. ಮುಕ್ತಿಯ ಹೆಂಗಸರೇ ಅಚ್ಚಿನ ಮೊಳೆಗಳನ್ನು ಜೋಡಿಸಿದರು. ಆ ಭಾಷಾಂತರವನ್ನು ಮುಗಿಸಿ, ೧೯೨೨ನೆಯ ಏಪ್ರಿಲ್ ೫ರಂದು ರಮಾಬಾಯಿಯವರು ಕರ್ತನಲ್ಲಿ ನಿದ್ರೆಹೋದರು.