ಒಂದು ಟೆಸ್ಟ್ ನೆಗೆಟಿವ್ ಬಂದರೆ ಮಲೇರಿಯಾ ಇಲ್ಲವೇ? ರೊನಾಲ್ಡ್ ರಾಸ್ ಬದುಕಿನಲ್ಲಿದೆ ಉತ್ತರ

ಪ್ರವಾಸ ಮುಗಿಸಿ ಬಂದ ಮೇಲೆ ಜ್ವರ ಬಂದರೆ ಒಮ್ಮೆ ರಕ್ತ ಪರೀಕ್ಷಿಸಿ, ನೆಗೆಟಿವ್ ಆದರೆ ಮಲೇರಿಯಾದ ಚಿಂತೆ ಬಿಡಿ ಎಂಬ ಸಂದೇಶ ಕುವೆಂಪುನಗರದ ವಾಟ್ಸಾಪ್ ಗುಂಪೊಂದರಲ್ಲಿ ನಮಗೆ ಸಿಕ್ಕಿತು. ಇದು ಅರ್ಧ ಸತ್ಯ. ಮಲೇರಿಯಾದ ಗುಟ್ಟು ಬಿಡಿಸಿದ ವೈದ್ಯರೇ ಮೊದಲು ಇಲ್ಲಿ ಎಡವಿದ್ದರು.

ರೊನಾಲ್ಡ್ ರಾಸ್ ಹುಟ್ಟಿದ್ದು 1857ರಲ್ಲಿ, ಅಲ್ಮೋರಾದಲ್ಲಿ. ಲಂಡನ್‌ನಲ್ಲಿ ವೈದ್ಯಕೀಯ ಓದಿ, 1881ರಲ್ಲಿ ಭಾರತದ ಸೇನಾ ವೈದ್ಯಕೀಯ ಸೇವೆಗೆ ಸೇರಿದರು. 1883ರಲ್ಲಿ ಬೆಂಗಳೂರಿನಲ್ಲಿದ್ದಾಗ ತಮ್ಮ ಕಿಟಕಿಯ ಹೊರಗಿನ ಪೀಪಾಯಿ ನೀರಿನಲ್ಲಿ ಸೊಳ್ಳೆ ಮರಿಗಳನ್ನು ಕಂಡರು. ನೀರು ಚೆಲ್ಲಿಸಿದ ಮೇಲೆ ಸೊಳ್ಳೆಕಾಟ ತಗ್ಗಿತು. ಆದರೆ ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಆಗ ಅವರಿಗೂ ತಿಳಿದಿರಲಿಲ್ಲ.

ಮಲೇರಿಯಾ ರೋಗಿಯ ರಕ್ತದಲ್ಲಿ ಪರಾವಲಂಬಿ ಜೀವಿ ಇರುವುದನ್ನು ಫ್ರಾನ್ಸ್‌ನ ಲಾವೆರಾನ್ 1880ರಲ್ಲೇ ಕಂಡಿದ್ದರು. ರಾಸ್ ಹುಡುಕಿದರು, ಸಿಗಲಿಲ್ಲ. ಅಂಥದ್ದು ಇಲ್ಲವೇ ಇಲ್ಲ ಎಂದು ವಾದಿಸಿದರು. 1894ರಲ್ಲಿ ಲಂಡನ್‌ನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಮೇಲೆಯೇ ಅವರು ನಂಬಿದ್ದು.

1897ರಲ್ಲಿ ಊಟಿ ಕೆಳಗಿನ ಸೀಗೂರು ಘಾಟಿಗೆ ಅಧ್ಯಯನಕ್ಕೆ ಹೋದ ರಾಸ್ ಸ್ವತಃ ಮಲೇರಿಯಾಕ್ಕೆ ತುತ್ತಾದರು. ಮೈಸೂರಿನಿಂದ ಮಸಿನಗುಡಿ ಮೇಲೆ ಊಟಿಗೆ ಹೋಗುವವರಿಗೆ ಈ ದಾರಿ ಗೊತ್ತು. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ರೋಗಿಯ ರಕ್ತ ಕುಡಿದ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಆ ಪರಾವಲಂಬಿಯನ್ನು ಕಂಡರು. 1902ರಲ್ಲಿ ನೊಬೆಲ್ ಬಂತು. 1932ರಲ್ಲಿ ಲಂಡನ್‌ನಲ್ಲಿ ತೀರಿಕೊಂಡರು.

ಇದರಿಂದ ನಮಗೇನು ಪಾಠ? ರಕ್ತದಲ್ಲಿ ಪರಾವಲಂಬಿ ಕಡಿಮೆ ಇದ್ದರೆ ಮೊದಲ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಅನುಮಾನ ಉಳಿದರೆ ವೈದ್ಯರು 12ರಿಂದ 24 ಗಂಟೆಗೊಮ್ಮೆ, ಒಟ್ಟು ಮೂರು ಬಾರಿ ರಕ್ತಲೇಪನ ನೋಡುವುದು ಇದಕ್ಕೇ. ಆದರೆ ಅನುಮಾನ ಬರಬೇಕಾದರೆ ನೀವು ಎಲ್ಲಿಂದ ಬಂದಿರಿ ಎಂಬುದು ಅವರಿಗೆ ಗೊತ್ತಿರಬೇಕು. ಡೆಂಗಿ, ಟೈಫಾಯ್ಡ್, ಮಲೇರಿಯಾ ಮೂರೂ ಶುರುವಿನಲ್ಲಿ ಒಂದೇ ತರಹ ಕಾಣುತ್ತವೆ. ಆಫ್ರಿಕಾದಲ್ಲಿ ಹೆಚ್ಚಾಗಿರುವ ಫಾಲ್ಸಿಪಾರಂ ಮಲೇರಿಯಾ ಬೇಗನೆ ಮಿದುಳು, ಮೂತ್ರಪಿಂಡಗಳಿಗೆ ಪೆಟ್ಟು ಕೊಡಬಲ್ಲದು. ವೈವ್ಯಾಕ್ಸ್ ಮಲೇರಿಯಾ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ನಂತರವೂ ಜ್ವರ ತರಬಹುದು.

ಹಾಗಾಗಿ ಜ್ವರದಿಂದ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋದರೆ, ಯಾವ ಊರಿಗೆ ಹೋಗಿದ್ದಿರಿ, ಎಂದು ಮರಳಿದಿರಿ, ಯಾವ ಮಾತ್ರೆ ತೆಗೆದುಕೊಂಡಿರಿ ಎಂಬುದನ್ನು ವೈದ್ಯರು ಕೇಳದಿದ್ದರೂ ಮೊದಲೇ ಹೇಳಿ. ಫಾರ್ವರ್ಡ್ ಮಾಡುವುದಿದ್ದರೆ ಈ ಮಾತನ್ನು ಮಾಡಿ.