ಅಭಿನೇತ್ರಿ ಪಂಡರಿಬಾಯಿ

ಕನ್ನಡ ಮತ್ತು ತಮಿಳು ಚಲನಚಿತ್ರಗಳ ಚರಿತ್ರೆಯನ್ನು ಬರೆಯುವವರು ಎರಡು ಚಿತ್ರಗಳನ್ನು ದಾಟಿ ಮುಂದೆ ಹೋಗಲಾರರು. ಒಂದು, 1952ರಲ್ಲಿ ತೆರೆಕಂಡ ತಮಿಳಿನ ‘ಪರಾಶಕ್ತಿ’. ಇನ್ನೊಂದು, 1954ರ ಕನ್ನಡ ಚಿತ್ರ ‘ಬೇಡರ ಕಣ್ಣಪ್ಪ’. ಮೊದಲನೆಯದರಿಂದ ಶಿವಾಜಿ ಗಣೇಶನ್ ಬೆಳಕಿಗೆ ಬಂದರು. ಎರಡನೆಯದರಿಂದ ನಮ್ಮ ತಾಳವಾಡಿ ಸೀಮೆಯ ಗಾಜನೂರಿನ ಮುತ್ತುರಾಜರು ರಾಜ್‌ಕುಮಾರರಾದರು. ಈ ಇಬ್ಬರು ಹೊಸಬರಿಗೂ ನಾಯಕಿಯಾಗಿ ಜೊತೆ ನಿಂತವರು ಒಬ್ಬರೇ. ಅವರೇ ಪಂಡರಿಬಾಯಿ.

ಉತ್ತರ ಕನ್ನಡ ಜಿಲ್ಲೆಯ ಭಟ್ಕಳದಲ್ಲಿ 1930ರ ಸುಮಾರಿಗೆ ಜನಿಸಿದ ಇವರ ಮೊದಲ ಹೆಸರು ಗೀತಾ. ಪೌರಾಣಿಕ ನಾಟಕಗಳಲ್ಲಿ ಬಣ್ಣ ಹಚ್ಚಿ ಪಳಗಿ, 1943ರಲ್ಲಿ ಕೆ. ಹಿರಣ್ಣಯ್ಯನವರ ‘ವಾಣಿ’ಯ ಮೂಲಕ ಚಿತ್ರರಂಗವನ್ನು ಪ್ರವೇಶಿಸಿದರು. ಅಂದು ಕನ್ನಡ ಚಿತ್ರಗಳು ವಿರಳ. ತಯಾರಾದವುಗಳಿಗೂ ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳೇ ಆಶ್ರಯ. ಆದುದರಿಂದ ಕನ್ನಡದ ಕಲಾವಿದರಿಗೆ ತಮಿಳನ್ನು ಕಲಿಯುವುದು ಬದುಕಿನ ಅಗತ್ಯವಾಗಿತ್ತು. ಪಂಡರಿಬಾಯಿಯವರು ಆ ಭಾಷೆಯನ್ನು ತಮ್ಮದಾಗಿಸಿಕೊಂಡರು. 1953ರಲ್ಲಿ ‘ಗುಣಸಾಗರಿ’ ಕನ್ನಡದಲ್ಲಿಯೂ ‘ಸತ್ಯಶೋಧನೈ’ ಎಂಬ ಹೆಸರಿನಿಂದ ತಮಿಳಿನಲ್ಲಿಯೂ ಸಿದ್ಧವಾದಾಗ ಅದರಲ್ಲಿ ಅಭಿನಯಿಸಿದರು.

1954ನೆಯ ಇಸವಿ ಅವರ ಪ್ರತಿಭೆಗೆ ಒಂದು ಒರೆಗಲ್ಲು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಎಸ್. ಬಾಲಚಂದರ್ ನಿರ್ದೇಶನದ ‘ಅಂದ ನಾಳ್’ ತಮಿಳಿನಲ್ಲಿ ಬಿಡುಗಡೆಯಾಯಿತು. ಹಾಡುಗಳೇ ಇಲ್ಲದ ಆ ಚಿತ್ರದಲ್ಲಿ, ಯುದ್ಧಕಾಲದಲ್ಲಿ ಶತ್ರುವಿಗೆ ರಹಸ್ಯಗಳನ್ನು ಮಾರುವ ಪತಿಗೆ ಎದುರಾಗಿ ನಿಲ್ಲುವ ಉಷಾ ಎಂಬ ಪತ್ನಿ ಇವರು. ಮುಂದಿನ ತಿಂಗಳೇ ಎಚ್.ಎಲ್.ಎನ್. ಸಿಂಹರ ‘ಬೇಡರ ಕಣ್ಣಪ್ಪ’ ಬಂದಿತು. ಅದರಲ್ಲಿ ಕಳ್ಳತನದ ಸುಳ್ಳು ಆರೋಪಕ್ಕೆ ಗುರಿಯಾದ ಬೇಡ ದಿಣ್ಣನ ಪತ್ನಿ ನೀಲಾ. ಒಬ್ಬಳು ದೇಶಕ್ಕಾಗಿ ಪತಿಯನ್ನು ತೊರೆಯುವವಳು, ಇನ್ನೊಬ್ಬಳು ಲೋಕವೇ ದೂಷಿಸಿದರೂ ಪತಿಯ ಕೈಬಿಡದವಳು. ತಿಂಗಳೊಪ್ಪತ್ತಿನ ಅಂತರದಲ್ಲಿ ಎರಡು ಭಾಷೆಯ ಪ್ರೇಕ್ಷಕರು ಎರಡನ್ನೂ ನಂಬಿದರು.

ಬಳಿಕ ತಂಗಿ ಮೈನಾವತಿಯವರೊಡನೆ ‘ಸಂತ ಸಖು’ (1955), ‘ರಾಯರ ಸೊಸೆ’ (1957) ಚಿತ್ರಗಳಲ್ಲಿ ಕಾಣಿಸಿಕೊಂಡರು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ರಾಜ್‌ಕುಮಾರರ ಎದುರು ಚಂದ್ರಮತಿಯಾದರು. ಸತ್ತ ಮಗನನ್ನು ಹೊತ್ತು ಸ್ಮಶಾನಕ್ಕೆ ಬಂದ ರಾಣಿಯ ಬಳಿ, ಸುಂಕ ಕೊಡಲು ಕವಡೆಯೂ ಇಲ್ಲ. ಆ ದೃಶ್ಯವನ್ನು ಟೆಂಟುಗಳಲ್ಲಿ ಕಂಡು ಕಣ್ಣೀರಿಟ್ಟ ತಾಯಂದಿರು ನಮ್ಮ ಹಳ್ಳಿಗಳಲ್ಲಿ ಅನೇಕರು.

ಆದರೆ ಚಿತ್ರರಂಗದ ಒಂದು ರೂಢಿಯನ್ನು ಇಲ್ಲಿ ಹೇಳಲೇಬೇಕು. ನಾಯಕನಿಗೆ ವಯಸ್ಸಾಗುವುದಿಲ್ಲ, ನಾಯಕಿಗೆ ಬೇಗನೆ ಆಗುತ್ತದೆ. 1917ರಲ್ಲಿ ಜನಿಸಿದ ಎಂ.ಜಿ. ರಾಮಚಂದ್ರನ್ ಅವರಿಗೆ 1968ರ ‘ಕುಡಿಯಿರುಂದ ಕೋಯಿಲ್’ ಚಿತ್ರದಲ್ಲಿ ತಾಯಿಯಾದವರು, ಅವರಿಗಿಂತ ಸುಮಾರು ಹನ್ನೆರಡು ವರ್ಷ ಚಿಕ್ಕವರಾದ ಪಂಡರಿಬಾಯಿ! ಮರುವರ್ಷದ ‘ದೈವ ಮಗನ್’ನಲ್ಲಿ ಶಿವಾಜಿ ಗಣೇಶನ್ ತಂದೆಯಾಗಿಯೂ ಇಬ್ಬರು ಮಕ್ಕಳಾಗಿಯೂ ಮೂರು ಪಾತ್ರಗಳನ್ನು ವಹಿಸಿದರು. ಇವರು ಒಬ್ಬ ಶಿವಾಜಿಗೆ ಮಡದಿ, ಉಳಿದಿಬ್ಬರಿಗೆ ತಾಯಿ. ಕಣ್ಣಪ್ಪನ ನೀಲಾ 1986ರ ‘ಅನುರಾಗ ಅರಳಿತು’ ಚಿತ್ರದಲ್ಲಿ ಅದೇ ರಾಜ್‌ಕುಮಾರರ ರೋಗಿಷ್ಠ ತಾಯಿಯಾದರು. ಅದೇ ಕಥೆ 1992ರಲ್ಲಿ ತಮಿಳಿನ ‘ಮನ್ನನ್’ ಆದಾಗ ರಜನೀಕಾಂತರಿಗೂ ಅವರೇ ತಾಯಿ.

ಇದು ನ್ಯಾಯವೇ ಎಂಬ ಪ್ರಶ್ನೆ ಇಂದಿಗೂ ಉಳಿದಿದೆ. ಆದರೆ ದೊರೆತ ಪಾತ್ರವನ್ನು ಅವರು ಹಗುರವಾಗಿ ಕಾಣಲಿಲ್ಲ. ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ದಲ್ಲಿ (1967) ಬಹುಕಾಲದ ನಂತರ ಮತ್ತೆ ಗರ್ಭವತಿಯಾಗುವ ತಾಯಿಯ ಸಂತೋಷವನ್ನೂ ಸಂಕೋಚವನ್ನೂ ಅವರು ಎಷ್ಟು ಸಂಯಮದಿಂದ ತೋರಿದರೆಂಬುದನ್ನು ನೋಡಿದವರು ಬಲ್ಲರು. ತಮಿಳುನಾಡು ಸರಕಾರ ‘ಕಲೈಮಾಮಣಿ’ ಬಿರುದನ್ನಿತ್ತು ಅವರನ್ನು ಗೌರವಿಸಿತು.

2003ರ ಜನವರಿ 29ರಂದು ಚೆನ್ನೈನಲ್ಲಿ ಪಂಡರಿಬಾಯಿ ಕಾಲವಾದರು. ಶಿವಾಜಿ 2001ರಲ್ಲಿ ತೀರಿಕೊಂಡಿದ್ದರು, ರಾಜ್‌ಕುಮಾರರು 2006ರಲ್ಲಿ ಅಗಲಿದರು. ಆ ಇಬ್ಬರ ಹೆಸರು ನಮ್ಮ ಮಕ್ಕಳ ನಾಲಿಗೆಯ ಮೇಲಿದೆ, ಈಕೆಯ ಹೆಸರು ಮರೆಯಾಗುತ್ತಿದೆ. ಶಾಲೆಯಲ್ಲಿ ಕನ್ನಡ ಓದಿ, ಸಂತೆಯಲ್ಲಿ ತಮಿಳು ಮಾತಾಡಿ ಬೆಳೆದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ, ಒಂದು ನುಡಿಯನ್ನು ಬಿಡದೆ ಇನ್ನೊಂದರಲ್ಲಿ ಮನೆಮಾತಾದ ಈ ಮಹಿಳೆ ಹತ್ತಿರದವರಾಗಬೇಕು. ಗಾಜನೂರಿನ ಕಣ್ಣಪ್ಪನನ್ನು ಮತ್ತೊಮ್ಮೆ ನೋಡುವಾಗ ಮಕ್ಕಳಿಗೆ ಪಕ್ಕದಲ್ಲಿರುವ ನೀಲಾಳನ್ನೂ ತೋರಿಸಿ, ಆಕೆಯ ಹೆಸರನ್ನು ಹೇಳಿಕೊಡಿ.