ಓಲಗವನ್ನು ಒಲ್ಲದ ಹಂಪೆಯ ಹರಿಹರ

ಹೊಸಪೇಟೆಯಿಂದ ಸುಮಾರು 13 ಕಿ.ಮೀ. ದೂರದ ಹಂಪಿಯಲ್ಲಿ ವಿರೂಪಾಕ್ಷನ ಸನ್ನಿಧಿಗೆ ಇಂದು ಹೋದವರಿಗೆ ಏಕಾಂತ ದೊರೆಯುವುದು ದುರ್ಲಭ. ಸುಮಾರು ಎಂಟು ಶತಮಾನಗಳ ಹಿಂದೆ ಏಕಾಂತವನ್ನೇ ಅರಸಿ ಬಂದ ಕವಿಯೊಬ್ಬ ನೆಲೆನಿಂತದ್ದು ಇದೇ ಸನ್ನಿಧಿಯಲ್ಲಿ. ಆಗ 1336ರ ವಿಜಯನಗರ ಇನ್ನೂ ಹುಟ್ಟಿರಲಿಲ್ಲ. ಕಂಪ್ಲಿಯ ಸೀಮೆಯಲ್ಲಿ ಕುಮಾರರಾಮನ ಸಾಹಸಕಥೆಗಳೂ ಕೇಳಿಬಂದಿರಲಿಲ್ಲ. ಹೇಮಕೂಟದ ಬಂಡೆಗಳು, ಕೆಳಗೆ ಹರಿಯುವ ತುಂಗಭದ್ರೆ, ನಡುವೆ ಪಂಪಾಪತಿಯ ಗುಡಿ, ಇಷ್ಟೇ ಆ ಕ್ಷೇತ್ರದ ವೈಭವ.

ಆ ಕವಿಯೇ ರಗಳೆಯ ಹರಿಹರ. ಹಂಪೆಯವನಾದ ಈತ ಜೀವನೋಪಾಯಕ್ಕಾಗಿ ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೆ, ಎಂದರೆ ಇಂದಿನ ಹಳೇಬೀಡಿಗೆ, ತೆರಳಿ ನರಸಿಂಹ ಬಲ್ಲಾಳನಲ್ಲಿ ಕರಣಿಕನಾಗಿದ್ದನೆಂಬುದು ಪರಂಪರಾಗತ ನಂಬಿಕೆ. ಆ ದೊರೆ ಒಂದನೆಯ ನರಸಿಂಹನೋ 1220ರ ದಶಕದಲ್ಲಿ ಆಳಿದ ಎರಡನೆಯ ನರಸಿಂಹನೋ ಎಂಬ ಚರ್ಚೆ ವಿದ್ವಾಂಸರದು. ಅದು ಹಾಗಿರಲಿ. ಅರಮನೆಯ ಉದ್ಯೋಗದಲ್ಲಿ ಲೆಕ್ಕ ಬರೆದರಷ್ಟೇ ಸಾಲದು. ಓಲಗದಲ್ಲಿ ಹೊತ್ತುಗಟ್ಟಲೆ ನಿಲ್ಲಬೇಕು, ನಗು ಬಾರದಾಗಲೂ ನಗಬೇಕು, ದೊರೆಯ ಮಾತಿಗೆ ತಲೆದೂಗಬೇಕು. ಅಂತರ್ಮುಖಿಯಾದವನಿಗೆ ಲೆಕ್ಕಕ್ಕಿಂತ ಭಾರವಾಗುವ ಕೆಲಸಗಳಿವು.

ವೀರಶೈವ ಪುರಾಣಗಳು ಹೇಳುವ ಪ್ರಸಂಗವೊಂದಿದೆ. ಒಮ್ಮೆ ತುಂಬಿದ ಸಭೆಯಲ್ಲಿ ಲೆಕ್ಕ ಒಪ್ಪಿಸುತ್ತಿದ್ದ ಹರಿಹರ ಇದ್ದಕ್ಕಿದ್ದಂತೆ ಕೈಯಲ್ಲಿದ್ದ ಕಡತವನ್ನು ಹೊಸಕತೊಡಗಿದನಂತೆ. ಸಭೆ ಬೆರಗಾಯಿತು. ಕಾರಣ ಕೇಳಿದರೆ, ಹಂಪೆಯಲ್ಲಿ ಸ್ವಾಮಿಯ ಮುಂದಿನ ತೆರೆಗೆ ದೀಪದ ಕಿಡಿ ತಗುಲಿತ್ತು, ಅದನ್ನು ಆರಿಸಿದೆನೆಂದು ಉತ್ತರಿಸಿದ. ವಿಚಾರಿಸಿದಾಗ ಅದು ನಿಜವೆಂದು ತಿಳಿಯಿತು. ದೊರೆ ಗೌರವದಿಂದ ಆತನನ್ನು ಬೀಳ್ಕೊಟ್ಟ. ಪವಾಡವನ್ನು ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ದೇಹ ಓಲಗದಲ್ಲಿದ್ದರೂ ಮನಸ್ಸು ಬೇರೆಲ್ಲೋ ಇದ್ದ ಮನುಷ್ಯನ ಚಿತ್ರವಾಗಿ ಈ ಕಥೆಯನ್ನು ಮೀರಿಸುವುದು ಕಷ್ಟ.

ಹಂಪೆಗೆ ಮರಳಿದ ಹರಿಹರ ಮತ್ತೆ ಯಾವ ಆಸ್ಥಾನದತ್ತಲೂ ತಿರುಗಿ ನೋಡಲಿಲ್ಲ. ಸಾಯುವ ಮನುಷ್ಯರನ್ನು ಹೊಗಳಿ ನಾಲಗೆ ಕೆಡಿಸಿಕೊಳ್ಳಲಾರೆನೆಂಬ ಆತನ ನಿಷ್ಠುರ ನಿಲುವು 'ಪಂಪಾಶತಕ'ದಲ್ಲಿ ಸ್ಪಷ್ಟವಾಗಿದೆ. 'ಪುಷ್ಪರಗಳೆ'ಯಲ್ಲಿ ಆತನ ದಿನಚರಿಯ ನೆರಳು ಕಾಣುತ್ತದೆ. ಮುಂಜಾನೆ ತೋಟಕ್ಕೆ ಹೋಗುವ ಭಕ್ತ ಹೂಗಳನ್ನು ಕೀಳುವುದಕ್ಕೆ ಮೊದಲು ಅವುಗಳೊಡನೆ ಮಾತನಾಡುತ್ತಾನೆ, ಅವನ್ನು ಮುದ್ದಿಸುತ್ತಾನೆ, ಮಾಲೆ ಕಟ್ಟಿ ಶಿವನಿಗೆ ಅರ್ಪಿಸುತ್ತಾನೆ. ಸಭೆಯಲ್ಲಿ ಮಾತು ಬೇಡವಾದವನಿಗೆ ತೋಟದಲ್ಲಿ ಮಾತು ಮುಗಿಯುವುದೇ ಇಲ್ಲ.

ಜನರಿಂದ ದೂರ ಸರಿದ ಈ ಕವಿಯ ಕಾವ್ಯದಲ್ಲಿ ಮಾತ್ರ ಜನವೋ ಜನ. ಮಡಕೆ ಬಾರಿಸಿ ಶಿವನನ್ನೇ ಕುಣಿಸಿದ ಕುಂಬಾರ ಗುಂಡಯ್ಯ, ಬೇಡರ ಕಣ್ಣಪ್ಪ, ಅಕ್ಕಮಹಾದೇವಿ, ಬಸವಣ್ಣ, ನಂಬಿಯಣ್ಣ ಎಲ್ಲರೂ ಆತನ ರಗಳೆಗಳಲ್ಲಿ ಉಸಿರಾಡುತ್ತಾರೆ. ಅರಸರು ತುಂಬಿದ್ದ ಕನ್ನಡ ಕಾವ್ಯದ ಅಂಗಳಕ್ಕೆ ಸಾಮಾನ್ಯರನ್ನು ಕರೆತಂದ ಕೀರ್ತಿ ಈ ಏಕಾಂತಪ್ರಿಯನದು.

ಆದರೂ ಲೋಕದ ಕುಹಕ ಹಂಪೆಯವರೆಗೂ ಹಿಂಬಾಲಿಸಿತು. ಈತನಿಗೆ ರಗಳೆಯಲ್ಲದೆ ಬೇರೇನೂ ಬಾರದೆಂದು ಪಂಡಿತರು ಹಂಗಿಸಿದರೆಂದೂ, ಹರಿಹರ ವಾದಕ್ಕಿಳಿಯದೆ 'ಗಿರಿಜಾಕಲ್ಯಾಣ'ವೆಂಬ ಚಂಪೂಕಾವ್ಯ ರಚಿಸಿ ಉತ್ತರ ಕೊಟ್ಟನೆಂದೂ ಐತಿಹ್ಯ. ಆ ಕಾವ್ಯದ ವಸ್ತು ಹಂಪೆಯ ಮಣ್ಣಿಗೆ ಹೊಸದಲ್ಲ. ಪಂಪಾದೇವಿ ತಪಸ್ಸು ಮಾಡಿದ್ದೂ ಶಿವನು ಕಾಮನನ್ನು ಸುಟ್ಟದ್ದೂ ಹೇಮಕೂಟದಲ್ಲೇ ಎಂಬುದು ಸ್ಥಳಪುರಾಣ. ಪಂಪಾ-ವಿರೂಪಾಕ್ಷರ ನಿಶ್ಚಿತಾರ್ಥವೆನಿಸಿದ ಫಲಪೂಜೆ ಇಂದಿಗೂ ಅಲ್ಲಿ ಪ್ರತಿವರ್ಷ ನಡೆಯುತ್ತದೆ.

ಹರಿಹರನ ನಿಷ್ಠುರತೆಯ ಬಿಸಿ ಹೆಚ್ಚು ತಟ್ಟಿದ್ದು ಹೊರಗಿನವರಿಗಲ್ಲ, ಮನೆಯವನಿಗೇ. ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನ ಸ್ವಭಾವ ತದ್ವಿರುದ್ಧ. ಸಭೆ, ವಾದ, ಮೆಚ್ಚುಗೆ ಎಲ್ಲವೂ ಅವನಿಗೆ ಪ್ರಿಯ. 'ಹರಿಶ್ಚಂದ್ರಕಾವ್ಯ' ಬರೆದು ರಾಜಸಭೆಯಲ್ಲಿ ಓದಿ, ಮನ್ನಣೆ ಪಡೆದು, ಹಿಗ್ಗಿನಿಂದ ಗುರುವಿನ ಬಳಿ ಬಂದ. ಶಿವನನ್ನು ಬಿಟ್ಟು ನರನನ್ನು ಸ್ತುತಿಸಿದೆಯೆಂದು ಹರಿಹರ ಕನಲಿದ. ಗುರುವಿನ ಏಟಿಗೆ ಶಿಷ್ಯನ ಐದು ಹಲ್ಲು ಉದುರಿದವೆನ್ನುತ್ತದೆ ಐತಿಹ್ಯ. ಪ್ರಾಯಶ್ಚಿತ್ತವಾಗಿ 'ಸಿದ್ಧರಾಮ ಚಾರಿತ್ರ', 'ಸೋಮನಾಥ ಚಾರಿತ್ರ' ಮೊದಲಾದ ಶಿವಪರ ಕಾವ್ಯಗಳನ್ನು ರಚಿಸಿದಂತೆ ಹಲ್ಲುಗಳು ಒಂದೊಂದಾಗಿ ಮರಳಿ ಬಂದವಂತೆ. ಹಲ್ಲಿನ ಕಥೆಯನ್ನು ಬದಿಗಿಟ್ಟರೂ ಗುರು-ಶಿಷ್ಯರ ನಡುವಿನ ಬಿರುಕು ಅದರಲ್ಲಿ ನಿಚ್ಚಳವಾಗಿದೆ. ಮೆಚ್ಚುಗೆಯನ್ನು ಬಂಧನವೆಂದು ಬಗೆದ ಮಾವನಿಗೆ, ಅದಕ್ಕಾಗಿ ಹಂಬಲಿಸಿ ಬಂದ ತರುಣನ ಮನಸ್ಸು ಅರ್ಥವಾಗದೆ ಹೋಯಿತೇನೋ.

ಮುಂದೆ ರಾಘವಾಂಕ ಮಾವನ ರಗಳೆಯನ್ನು ಅನುಸರಿಸಲಿಲ್ಲ. ಷಟ್ಪದಿಯ ದಾರಿ ಹಿಡಿದ. ಗುರು ಒಪ್ಪದ ಆ 'ಹರಿಶ್ಚಂದ್ರಕಾವ್ಯ'ವೇ ಗಮಕಿಗಳ ಕಂಠದಲ್ಲಿ ಉಳಿದು, ಕನ್ನಡದ ಮನೆಮಾತಾಯಿತು.